ಮೋಟಾರ್ ಬದಲಿಸೋಕೆ ಮೊದಲು ಪೈಪ್ ಲೆಕ್ಕ ಹಾಕ್ರಿ

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಕಾರಂಜಾ, ಚುಳಕಿ ನಾಲಾ ಕಾಲುವೆಗಳು ಮುಟ್ಟದ ಹೊಲಕ್ಕೆ ಬಾವಿ, ಬೋರ್‌ವೆಲ್ಲೇ ಗತಿ. ಕಬ್ಬಿನ ಕಡೇ ಸಾಲಿಗೆ ನೀರು ಹೋಗದಿದ್ದರೆ ಅಂಗಡಿಯಲ್ಲಿ ಕೇಳುವುದು ಒಂದೇ ಮಾತು: “ಐದು ಎಚ್‌ಪಿ ಸಾಲಂಗಿಲ್ರಿ, ಏಳೂವರೆ ಕೊಡ್ರಿ.” ರೊಕ್ಕ ಎಣಿಸುವ ಮುಂಚೆ ಇಷ್ಟು ಮಾಡಿ.

1. ಡ್ರಮ್ ಇಟ್ಟು ಅಳೆಯಿರಿ. 200 ಲೀಟರ್ ಡ್ರಮ್ಮು 67 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 3 ಲೀಟರ್, ತಾಸಿಗೆ 10,800. ನೀರು ಎಷ್ಟು ದೂರ ಹಾರಿತು ಎಂಬುದು ಲೆಕ್ಕವಲ್ಲ. ಬಾಯಿ ಕಿರಿದಿದ್ದರೆ ಸ್ವಲ್ಪ ನೀರೂ ದೂರ ಹಾರುತ್ತದೆ. ಎರಡು ತಾಸು ಓಡಿಸಿದ ಮೇಲೆ, ಅದೂ ಏಪ್ರಿಲ್‌–ಮೇ ತಿಂಗಳಲ್ಲಿ ಅಳೆಯಿರಿ. ದಸರಾ ಹೊತ್ತಿನ ಬಾವಿಯನ್ನು ನಂಬಬೇಡಿ.

2. ಏರನ್ನು ಕಣ್ಣಂದಾಜಿಗೆ ಬಿಡಬೇಡಿ. ಗೌಂಡಿಯ ಲೆವೆಲ್ ಪೈಪ್ ಸಾಕು. ಬೇಸಿಗೆಯ ನೀರಿನ ಮಟ್ಟದಿಂದ ಹೊಲದ ಎತ್ತರದ ಜಾಗದವರೆಗೆ ಅಳೆಯಿರಿ. ಬೀದರ್‌ನ ನೌಬಾದ್ ಕರೇಜ್ ಎಂಬ ಹಳೇ ಸುರಂಗ ಕಾಲುವೆ ಕಟ್ಟಿದವರಿಗೆ ಮೋಟಾರ್ ಇರಲಿಲ್ಲ. ಇಳಿಜಾರಿನ ಲೆಕ್ಕವೇ ನೀರು ಹರಿಸಿತು.

3. ಅಸಲಿ ಕಳ್ಳ ಪೈಪಿನೊಳಗಿದ್ದಾನೆ. ಸೆಕೆಂಡಿಗೆ 3 ಲೀಟರ್ ನೀರು 500 ಮೀಟರ್ ಪಿವಿಸಿಯಲ್ಲಿ ಹೋಗಬೇಕು ಅನ್ನಿ. ಹೇಜನ್–ವಿಲಿಯಮ್ಸ್ ಸೂತ್ರದ ಪ್ರಕಾರ 50 ಮಿ.ಮೀ. ಪೈಪಿನಲ್ಲಿ ಉಜ್ಜಾಟಕ್ಕೇ ಸುಮಾರು 34 ಮೀಟರ್ ಹೆಡ್ (ನೀರೆತ್ತುವ ಎತ್ತರ) ಹೋಗುತ್ತದೆ. 63ರಲ್ಲಿ 10, 75ರಲ್ಲಿ ಬರೀ 4. ಒಳವ್ಯಾಸ ಅರ್ಧವಾದರೆ ನಷ್ಟ ಸುಮಾರು 29 ಪಟ್ಟು. ಅದೇ ಪೈಪಿಗೆ ಎರಡರಷ್ಟು ನೀರು ನುಗ್ಗಿಸಿದರೆ ಮೂರೂವರೆ ಪಟ್ಟಿಗೂ ಹೆಚ್ಚು. ತುಕ್ಕು ಹಿಡಿದ ಹಳೇ ಜಿಐ ಪೈಪಾದರೆ ಪಿವಿಸಿಯ ಎರಡರಷ್ಟು ನಷ್ಟ ಹಿಡಿಯಿರಿ.

4. ಎಲ್ಬೋವನ್ನು ಸುಮ್ಮನೆ ಬೈಯಬೇಡಿ. 63ರ ಒಂದು ಎಲ್ಬೋ ಹೆಚ್ಚೆಂದರೆ ಎರಡು ಮೀಟರ್ ಪೈಪಿಗೆ ಸಮ. ಉದ್ದ ಲೈನಿನಲ್ಲಿ ಹತ್ತಿದ್ದರೂ ಕತೆ ಬದಲಾಗದು. ಕಟ್ಟಿಕೊಂಡ ಡ್ರಿಪ್ ಫಿಲ್ಟರ್ ಮಾತ್ರ ಬದಲಿಸುತ್ತದೆ. ಕಟ್ಟಿದ್ದು ತಿಳಿಯಲು ಅದರ ಎರಡೂ ಕಡೆ ಪ್ರೆಶರ್ ಗೇಜ್ ಹಾಕಿ.

5. ಈಗ ಎಚ್‌ಪಿ. ಸೆಕೆಂಡಿನ ಲೀಟರನ್ನು ಒಟ್ಟು ಮೀಟರ್‌ನಿಂದ ಗುಣಿಸಿ, 75ರಿಂದ ಭಾಗಿಸಿ, ಬಂದದ್ದನ್ನು ಪಂಪಿನ ದಕ್ಷತೆಯಿಂದ ಮತ್ತೆ ಭಾಗಿಸಿ. ಬಾವಿ 15, ಏರು 8, ಡ್ರಿಪ್ ಮತ್ತು ಫಿಲ್ಟರ್‌ಗೆ 12, ದಕ್ಷತೆ 45 ಪರ್ಸೆಂಟ್ ಅಂದುಕೊಳ್ಳಿ. 63ರ ಪೈಪಿನಲ್ಲಿ ಉಜ್ಜಾಟದ 10 ಸೇರಿ ಒಟ್ಟು 45 ಮೀಟರ್, ಬೇಕಾದದ್ದು 4 ಎಚ್‌ಪಿ. ಐದರ ಮೋಟಾರ್ ಆರಾಮ. 50ರಲ್ಲಿ 69 ಮೀಟರ್, 6 ದಾಟಿತು, ಏಳೂವರೆ ತರಲೇಬೇಕು.

6. ಪೈಪಿನ ಮೇಲಿನ ಅಚ್ಚು ಓದಿ. 63 ಎಂಬುದು ಹೊರವ್ಯಾಸ. 4 ಕೆ.ಜಿ. ಅಂದರೆ ಸುಮಾರು 40 ಮೀಟರ್ ಹೆಡ್ ತಡೆಯುವ ಪೈಪು. ವಾಲ್ವ್ ಗಪ್ಪನೆ ಮುಚ್ಚಿದಾಗ ಬೀಳುವ ಹೊಡೆತ ಅದಕ್ಕೂ ಮೇಲೆ ಹೋಗಬಹುದು. ಬಾವಿ ಬದಿಯ ಮೊದಲ ತುಂಡಿಗಾದರೂ 6 ಕೆ.ಜಿ. ಹಾಕಿಸಿ.