ಸರ್ವರ್‌ಗೆ ಪ್ರಾಜೆಕ್ಟ್ ಕಾಣಿಸಬೇಕು

ಸಿ ಪ್ಲಸ್ ಪ್ಲಸ್, ಗೋ, ರಸ್ಟ್ ಮೂರನ್ನೂ ನಾನು ಬರೆಯುವುದು ನಿಯೋವಿಮ್‌ನಲ್ಲಿ. ತಂಡದಲ್ಲಿ ಕೆಲವರದು ಈಮ್ಯಾಕ್ಸ್, ಉಳಿದವರದು ವಿಎಸ್ ಕೋಡ್. ಎಡಿಟರ್ ಯಾವುದಾದರೂ ಹೊಸಬರು ಹೊತ್ತು ತರುವ ದೂರು ಹೆಚ್ಚುಕಡಿಮೆ ಒಂದೇ: ‘ಕಂಪ್ಲೀಶನ್ ಬರ್ತಿಲ್ಲ’, ಇಲ್ಲವೇ ‘ಫೈಲ್ ತುಂಬ ಕೆಂಪು ಗೆರೆ’. ಅವರ ಪಕ್ಕ ಕೂತು ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಕೆಲಸ ಯಾರದು ಅನ್ನುವುದು ಮೊದಲು ತಿಳಿದಿರಲಿ

ಫಂಕ್ಷನ್ ಎಲ್ಲಿ ಹುಟ್ಟಿತು, ಈ ವೇರಿಯಬಲ್ಲಿನ ಟೈಪ್ ಏನು ಎಂಬುದು ಎಡಿಟರ್‌ಗೆ ಗೊತ್ತಿಲ್ಲ. ಗೊತ್ತಿರುವುದು ಪಕ್ಕದಲ್ಲಿ ಓಡುವ ಇನ್ನೊಂದು ಪ್ರೋಗ್ರಾಮಿಗೆ. ಸಿ ಪ್ಲಸ್ ಪ್ಲಸ್‌ಗೆ ಕ್ಲಾಂಗ್‌ಡಿ, ಗೋಗೆ ಗೋಪ್ಲ್ಸ್, ರಸ್ಟ್‌ಗೆ ರಸ್ಟ್ ಅನಲೈಸರ್, ಪೈಥಾನ್‌ಗೆ ಪೈರೈಟ್. ಸರ್ವರ್ ಎಂದ ಕೂಡಲೇ ಕೋಡ್ ಇಂಟರ್ನೆಟ್ಟಿಗೆ ಹೋಗುತ್ತದೆಂದು ಗಾಬರಿಯಾಗುವವರಿದ್ದಾರೆ. ಇವು ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ, ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಮೂಲಕ ಜೇಸನ್ ಸಂದೇಶಗಳಲ್ಲಿ ಎಡಿಟರ್ ಜೊತೆ ಮಾತಾಡುತ್ತವೆ.

ಆ ಮಾತುಕತೆಯ ನಿಯಮವೇ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್, ಎಲ್‌ಎಸ್‌ಪಿ. ವಿಎಸ್ ಕೋಡ್‌ಗಾಗಿ ಬೆಳೆದ ಇದನ್ನು ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸೇರಿ 2016ರ ಜೂನ್‌ನಲ್ಲಿ ಮುಕ್ತ ಪ್ರೋಟೊಕಾಲ್ ಎಂದು ಪ್ರಕಟಿಸಿದವು. ಅಲ್ಲಿಯವರೆಗೆ ಹತ್ತು ಎಡಿಟರ್, ಹತ್ತು ಭಾಷೆ ಎಂದರೆ ನೂರು ಪ್ಲಗಿನ್ನು. ಈಗ ಹತ್ತು ಸರ್ವರ್, ಹತ್ತು ಕ್ಲೈಂಟ್ ಸಾಕು. 2021ರಲ್ಲಿ ನಿಯೋವಿಮ್ 0.5ರ ಒಳಗೇ ಕ್ಲೈಂಟ್ ಬಂತು, 2023ರಲ್ಲಿ ಈಮ್ಯಾಕ್ಸ್ 29ರ ಜೊತೆ ಎಗ್ಲಾಟ್ ಎಂಬ ಕ್ಲೈಂಟ್ ಬಂತು. ಕೈಗೆ ಒಗ್ಗಿದ ಎಡಿಟರ್ ಬಿಡದೆ ಹೊಸ ಭಾಷೆ ಕಲಿಯುವ ಸ್ವಾತಂತ್ರ್ಯ ಸಿಕ್ಕಿದ್ದು ಹೀಗೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಮಾಡಿದ ತಂತ್ರಜ್ಞಾನ ಕಡಿಮೆ.

2. ಕಂಪೈಲರ್ ಕಂಡದ್ದನ್ನೇ ಸರ್ವರ್ ಕಾಣಬೇಕು

ನನ್ನ ಬಳಿ ಬರುವ ದೂರುಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ. ಕ್ಲಾಂಗ್‌ಡಿ ನಿಮ್ಮ ಫೈಲನ್ನು ನಿಜವಾದ ಕ್ಲಾಂಗ್ ಓದುವಂತೆಯೇ ಓದುತ್ತದೆ. ಹೆಡರ್ ಫೈಲುಗಳು ಯಾವ ಫೋಲ್ಡರಿನಲ್ಲಿವೆ, ಯಾವ ಮ್ಯಾಕ್ರೋ ಆನ್ ಆಗಿದೆ, ಭಾಷೆಯ ಯಾವ ಆವೃತ್ತಿ ಎಂದು ಅದಕ್ಕೆ ಹೇಳಲೇಬೇಕು. ಹೇಳುವುದು ‘ಕಂಪೈಲ್ ಕಮಾಂಡ್ಸ್’ ಎಂಬ ಜೇಸನ್ ಫೈಲಿನಿಂದ. ಸಿಮೇಕ್ ಬಳಸುವವರಿಗೆ ಒಂದು ಆಯ್ಕೆ ಆನ್ ಮಾಡಿದರೆ ಅದು ತಾನೇ ತಯಾರಾಗುತ್ತದೆ. ಹಳೆಯ ಮೇಕ್‌ಫೈಲ್ ಇದ್ದರೆ ‘ಬೇರ್’ ಎಂಬ ಸಣ್ಣ ಸಾಧನವನ್ನು ಮೇಕ್‌ನ ಮುಂದೆ ಹಚ್ಚಿ ಒಮ್ಮೆ ಪೂರ್ತಿ ಬಿಲ್ಡ್ ಮಾಡಿ. ‘ಪೂರ್ತಿ’ ಎಂದು ಒತ್ತಿ ಹೇಳುತ್ತೇನೆ: ಆಗಲೇ ಕಂಪೈಲ್ ಆಗಿರುವ ಫೈಲುಗಳನ್ನು ಮೇಕ್ ಮತ್ತೆ ಮುಟ್ಟುವುದಿಲ್ಲ, ಹಾಗಾಗಿ ಅವು ಪಟ್ಟಿಗೂ ಸೇರುವುದಿಲ್ಲ.

ಈ ಫೈಲ್ ಇಲ್ಲದಿದ್ದರೂ ಕ್ಲಾಂಗ್‌ಡಿ ಸುಮ್ಮನೆ ಕೂರದೆ ಊಹೆ ಮಾಡುತ್ತದೆ. ಅಪಾಯ ಇರುವುದು ಅಲ್ಲೇ. ಸಣ್ಣ ಫೈಲಿನಲ್ಲಿ ಊಹೆ ನಡೆದುಹೋಗುತ್ತದೆ, ದೊಡ್ಡ ಪ್ರಾಜೆಕ್ಟಿನಲ್ಲಿ ಒಂದು ಹೆಡರ್ ಸಿಗದೆ ಅದರ ಕೆಳಗಿನದೆಲ್ಲ ಕೆಂಪಾಗುತ್ತದೆ. ಆದ್ದರಿಂದ ಕೆಂಪು ಗೆರೆ ರಾಶಿ ಬಿದ್ದಾಗ ಮೊದಲನೆಯದನ್ನು ಮಾತ್ರ ಓದಿ. ಟರ್ಮಿನಲ್ಲಿನಲ್ಲಿ ಕ್ಲಾಂಗ್‌ಡಿಯನ್ನು ‘ಚೆಕ್’ ಆಯ್ಕೆಯೊಂದಿಗೆ ಆ ಒಂದು ಫೈಲಿನ ಮೇಲೆ ಓಡಿಸಿದರೆ ಯಾವ ಕಮಾಂಡ್ ಬಳಸಿತು, ಎಲ್ಲಿ ಎಡವಿತು ಎಂದು ಅದೇ ಹೇಳುತ್ತದೆ.

ಪೈಥಾನ್‌ನಲ್ಲಿ ಇದೇ ತೊಂದರೆ ವರ್ಚುವಲ್ ಎನ್ವಿರಾನ್‌ಮೆಂಟಿನ ರೂಪದಲ್ಲಿ ಬರುತ್ತದೆ. ಪ್ರೋಗ್ರಾಮ್ ಓಡುತ್ತದೆ, ಪೈರೈಟ್ ಮಾತ್ರ ಇಂಪೋರ್ಟ್ ಸಿಗಲಿಲ್ಲ ಎನ್ನುತ್ತದೆ. ಅದು ನೋಡುತ್ತಿರುವುದು ಬೇರೆ ಇಂಟರ್‌ಪ್ರಿಟರನ್ನು. ಗೋಪ್ಲ್ಸ್ ಹುಡುಕುವುದು ಗೋ ಮಾಡ್ಯೂಲ್ ಫೈಲನ್ನು. ಒಂದೇ ರೆಪೊದಲ್ಲಿ ಹಲವು ಮಾಡ್ಯೂಲ್ ಇದ್ದರೆ ವರ್ಕ್‌ಸ್ಪೇಸ್ ಫೈಲ್ ಒಂದನ್ನು ಬರೆದುಕೊಡಿ.

3. ಸೆಟ್ಟಿಂಗ್ ಮುಟ್ಟುವ ಮೊದಲು ಲಾಗ್ ಓದಿ

ಎಡಿಟರ್, ಸರ್ವರ್ ಮೊದಲು ಕೈಕುಲುಕುವಾಗಲೇ ತಮಗೆ ಏನೇನು ಬರುತ್ತದೆ ಎಂದು ಪರಸ್ಪರ ಹೇಳಿಕೊಳ್ಳುತ್ತವೆ. ‘ರೀನೇಮ್’ ಆ ಪಟ್ಟಿಯಲ್ಲಿಲ್ಲದಿದ್ದರೆ ಕೀಲಿ ಎಷ್ಟು ಬದಲಿಸಿದರೂ ರೀನೇಮ್ ಆಗದು. ಎಗ್ಲಾಟ್‌ನ ಈವೆಂಟ್ಸ್ ಬಫರ್‌ನಲ್ಲಿ, ನಿಯೋವಿಮ್‌ನ ಎಲ್‌ಎಸ್‌ಪಿ ಲಾಗ್‌ನಲ್ಲಿ ಇದೆಲ್ಲ ಕಾಣುತ್ತದೆ. ಮ್ಯಾಕ್‌ನಲ್ಲಿ ಐಕಾನ್ ಒತ್ತಿ ತೆರೆದ ಈಮ್ಯಾಕ್ಸ್‌ಗೆ ಶೆಲ್‌ನ ಪಾತ್ ಸಿಗುವುದಿಲ್ಲ. ಸರ್ವರ್ ಇನ್‌ಸ್ಟಾಲ್ ಆಗಿದ್ದರೂ ಶುರುವೇ ಆಗದಿರುವುದಕ್ಕೆ ಎಷ್ಟೋ ಸಲ ಅಷ್ಟೇ ಕಾರಣ.

4. ಕನ್ನಡ ಬರೆದು ಪರೀಕ್ಷಿಸಿ

ಎಲ್‌ಎಸ್‌ಪಿಯಲ್ಲಿ ಸ್ಥಾನ ಎಂದರೆ ಸಾಲಿನ ಸಂಖ್ಯೆ ಮತ್ತು ಆ ಸಾಲಿನೊಳಗಿನ ದೂರ, ಎರಡೂ ಸೊನ್ನೆಯಿಂದ ಶುರು. ದೂರವನ್ನು ಅಳೆಯುವ ಮೂಲ ನಿಯಮ ಯುಟಿಎಫ್-16. ಫೈಲುಗಳು ಸಾಮಾನ್ಯವಾಗಿ ಇರುವುದು ಯುಟಿಎಫ್-8ರಲ್ಲಿ. ಇಂಗ್ಲಿಷ್ ಅಕ್ಷರಗಳಿಗೆ ಎರಡು ಲೆಕ್ಕವೂ ಒಂದೇ ಆದ್ದರಿಂದ ದೋಷ ವರ್ಷಗಟ್ಟಲೆ ಅಡಗಿರಬಲ್ಲದು. ‘ನಮಸ್ಕಾರ’ ಎಂದು ಬರೆಯಿರಿ. ಕಣ್ಣಿಗೆ ನಾಲ್ಕು ಅಕ್ಷರ. ಈ ಸರಳ ಪದಕ್ಕೂ ಯುಟಿಎಫ್-16ರಲ್ಲಿ 7 ಘಟಕ, ಯುಟಿಎಫ್-8ರಲ್ಲಿ 21 ಬೈಟ್. ಕ್ಲೈಂಟ್ ಬೈಟ್ ಎಣಿಸಿ ಕಳಿಸಿದರೆ ಅದೇ ಸಾಲಿನಲ್ಲಿ ಮುಂದಿರುವ ವೇರಿಯಬಲ್ 14 ಸ್ಥಾನ ಆಚೆ ಇದೆಯೆಂದು ಸರ್ವರ್ ತಿಳಿಯುತ್ತದೆ. ಗೆರೆ ತಪ್ಪು ಜಾಗದಲ್ಲಿ ಬಿದ್ದರೆ ಹೋಗಲಿ, ರೀನೇಮ್ ತಪ್ಪು ಜಾಗದಲ್ಲಿ ಬಿದ್ದರೆ ಕೋಡೇ ಕೆಡುತ್ತದೆ.

2022ರಲ್ಲಿ ಬಂದ 3.17 ಆವೃತ್ತಿಯಿಂದ ಎರಡೂ ಕಡೆಯವರು ಒಪ್ಪಿ ಯುಟಿಎಫ್-8 ಬಳಸಬಹುದು. ಹಾಗಿದ್ದರೂ ಹೊಸ ಪ್ಲಗಿನ್ ಹಾಕಿದಾಗ ನಾನು ಒಂದು ಸಾಲಿನಲ್ಲಿ ಕನ್ನಡ ಸ್ಟ್ರಿಂಗ್, ಇನ್ನೊಂದರಲ್ಲಿ ಇಮೋಜಿ, ಎರಡರ ಮುಂದೆಯೂ ಒಂದು ವೇರಿಯಬಲ್ ಇಟ್ಟು ರೀನೇಮ್ ಮಾಡಿ ನೋಡುತ್ತೇನೆ. ಬೈಟ್ ಎಣಿಸುವ ದೋಷವನ್ನು ಕನ್ನಡ ಹಿಡಿದುಕೊಡುತ್ತದೆ. ಇಮೋಜಿಗೆ ಯುಟಿಎಫ್-16ರಲ್ಲಿ ಎರಡು ಘಟಕ ಬೇಕಾದ್ದರಿಂದ ಕೋಡ್‌ಪಾಯಿಂಟ್ ಎಣಿಸುವ ದೋಷವೂ ಸಿಕ್ಕಿಬೀಳುತ್ತದೆ. ಸಾಧನ ಕಟ್ಟುವ ಕನ್ನಡಿಗರು ತಮ್ಮ ಟೆಸ್ಟ್ ಫೈಲುಗಳಲ್ಲಿ ಕನ್ನಡ ಇಡಲಿ ಎಂದು ನನಗೆ ಬಹಳ ಆಸೆ.

5. ಫಾರ್ಮ್ಯಾಟ್ ಮಾಡುವವರು ಒಬ್ಬರೇ ಇರಲಿ

ಒಂದೇ ಫೈಲಿಗೆ ಎರಡು ಸರ್ವರ್ ಹಚ್ಚಬಹುದು. ಎರಡಕ್ಕೂ ಫಾರ್ಮ್ಯಾಟಿಂಗ್ ಬಿಟ್ಟುಕೊಟ್ಟರೆ ಸೇವ್ ಮಾಡಿದಾಗಲೆಲ್ಲ ಸಾಲುಗಳು ಅತ್ತಿತ್ತ ಓಡಾಡುತ್ತವೆ. ಒಂದರಲ್ಲಿ ಆಫ್ ಮಾಡಿ.

6. ರೀನೇಮ್ ಆದಮೇಲೂ ಒಮ್ಮೆ ಗ್ರೆಪ್

ಸರ್ವರ್ ಮಾಡುವ ರೀನೇಮ್ ಕೋಡಿನ ಅರ್ಥ ನೋಡಿ ಮಾಡುವಂಥದ್ದು, ಹುಡುಕಿ ಬದಲಿಸುವುದಕ್ಕಿಂತ ಬಹಳ ಮೇಲು. ಆದರೆ ಕ್ಲಾಂಗ್‌ಡಿಯ ಕಣ್ಣಿಗೆ ಬೀಳುವುದು ಆ ಹೊತ್ತಿನ ಬಿಲ್ಡ್ ಮಾತ್ರ. ಲಿನಕ್ಸ್‌ನಲ್ಲಿ ಕೂತು ಹೆಸರು ಬದಲಿಸಿದರೆ ವಿಂಡೋಸ್‌ಗೆಂದು ಮ್ಯಾಕ್ರೋ ಒಳಗೆ ಬರೆದ ಭಾಗದಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ಸ್ಟ್ರಿಂಗ್, ಕಾನ್ಫಿಗರೇಶನ್ ಫೈಲುಗಳಲ್ಲಿ ಬರೆದ ಹೆಸರಿನ ಕತೆಯೂ ಅದೇ.

7. ಪರರ ರೆಪೊ ತೆರೆಯುವಾಗ ಎಚ್ಚರ

ರಸ್ಟ್ ಅನಲೈಸರ್ ಸರಿಯಾದ ಉತ್ತರ ಕೊಡಲು ಪ್ರಾಜೆಕ್ಟಿನ ಬಿಲ್ಡ್ ಸ್ಕ್ರಿಪ್ಟನ್ನು, ಪ್ರೊಸೀಜರಲ್ ಮ್ಯಾಕ್ರೋಗಳನ್ನು ನಿಜಕ್ಕೂ ಓಡಿಸುತ್ತದೆ. ಅಂದರೆ ಯಾರೋ ಬರೆದ ಕೋಡ್, ನೀವು ‘ಸುಮ್ಮನೆ ಓದೋಣ’ ಎಂದು ಫೈಲ್ ತೆರೆದಾಗಲೇ ನಿಮ್ಮ ಹೆಸರಿನಲ್ಲಿ ಓಡಬಹುದು. ವಿಎಸ್ ಕೋಡ್ 2021ರಲ್ಲಿ ತಂದ ‘ಈ ಫೋಲ್ಡರನ್ನು ನಂಬುತ್ತೀರಾ’ ಎಂಬ ಪ್ರಶ್ನೆ ಇಂಥದಕ್ಕೇ. ಅನೇಕರು ಅದಕ್ಕೆ ಓದದೆ ಹೌದು ಎನ್ನುತ್ತಾರೆ. ಪರಿಚಯವಿಲ್ಲದ ರೆಪೊ ಬಂದರೆ ನಾನು ಸರ್ವರ್ ಆಫ್ ಮಾಡಿಟ್ಟು ಮೊದಲು ಬಿಲ್ಡ್ ಸ್ಕ್ರಿಪ್ಟ್ ಓದುತ್ತೇನೆ. ಆಮೇಲೂ ಅನುಮಾನವಿದ್ದರೆ ಎಡಿಟರ್, ಸರ್ವರ್ ಎರಡನ್ನೂ ಕಂಟೇನರ್ ಒಳಗೇ ತೆರೆಯುತ್ತೇನೆ.