ಡಾಕ್ಟರ ಚೀಟಿಯ ಮಾತು, ನಮ್ಮ ಕೊಟ್ಟಿಗೆಯ ಮಾತಿನಲ್ಲಿ



ಹಸು ಹುಷಾರು ತಪ್ಪುತ್ತದೆ. ಡಾಕ್ಟರು ಬಂದು ನೋಡುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ, ಚೀಟಿ ಬರೆದು "ಸಬ್‌ಕ್ಲಿನಿಕಲ್ ಮಾಸ್ಟೈಟಿಸ್" ಎಂದೋ "ಕೀಟೋಸಿಸ್" ಎಂದೋ ಹೇಳಿ ಮುಂದಿನ ಊರಿಗೆ ಹೊರಡುತ್ತಾರೆ. ಚೀಟಿ ಮೆಡಿಕಲ್ ಸ್ಟೋರ್‌ಗೆ ಹೋಗುತ್ತದೆ. ಆದರೆ ಸಂಜೆ ಕೆಚ್ಚಲಿಗೆ ಕೈ ಹಾಕುವವರು, ಕರು ಹಾಕುವ ರಾತ್ರಿ ಎದ್ದು ಕೂರುವವರು, ಸಗಣಿ ಬಾಚುವವರು ನೀವು. ಚೀಟಿಯಲ್ಲಿರುವ ಒಂದೊಂದು ಮಾತೂ ನೀವು ಮಾಡಬೇಕಾದ ಒಂದು ಕೆಲಸ ಅಥವಾ ಮಾಡಬಾರದ ಒಂದು ಕೆಲಸವನ್ನು ಹೇಳುತ್ತದೆ. ಈ ಹಾಲು ಡೇರಿಗೆ ಹಾಕಬಹುದೇ, ಈ ಹಸುವನ್ನು ಬೇರೆ ಕಟ್ಟಬೇಕೇ, ಬರಿಗೈಯಲ್ಲಿ ಮುಟ್ಟಬಹುದೇ ಎಂಬುದೆಲ್ಲ ಆ ಮಾತಿನ ಮೇಲೆಯೇ ನಿಂತಿದೆ. ಪದೇಪದೇ ಕಿವಿಗೆ ಬೀಳುವ ಅಂಥ ಕೆಲವು ಮಾತುಗಳ ಅರ್ಥವನ್ನು ಇಲ್ಲಿ ಕೊಟ್ಟಿದೆ.

ಮೊದಲು ಜ್ವರ ಎಂದರೇನು?

ನಮಗೆ 98.6 ಡಿಗ್ರಿ ಸರಿಯಾದ ಮೈಶಾಖ. ಹಸುವಿಗೆ ಸುಮಾರು 101.5 ಡಿಗ್ರಿ. ಥರ್ಮಾಮೀಟರ್ 101 ತೋರಿಸಿದರೆ ಮನುಷ್ಯರಿಗೆ ಜ್ವರ, ಹಸು ಆರೋಗ್ಯವಾಗಿದೆ ಎಂದರ್ಥ. 103 ದಾಟಿದರೆ ಅದಕ್ಕೆ ಜ್ವರ. 100ಕ್ಕಿಂತ ಕೆಳಗೆ ಇಳಿದರೆ ಅದೂ ಅಪಾಯವೇ. ಥರ್ಮಾಮೀಟರ್ ಅನ್ನು ಗುದದ್ವಾರದಲ್ಲಿ ಒಂದೆರಡು ನಿಮಿಷ ಇಟ್ಟು ನೋಡಬೇಕು. ಕಿವಿ ಮುಟ್ಟಿ ನೋಡಿ ಅಂದಾಜು ಮಾಡಿದರೆ ಸಾಲದು. ಡಾಕ್ಟರಿಗೆ ಫೋನ್ ಮಾಡುವ ಮೊದಲು ಮೈಶಾಖ, ಮೇವು ತಿಂದಿದೆಯೇ, ಮೆಲುಕು ಹಾಕುತ್ತಿದೆಯೇ, ಸಗಣಿ ಗಂಜಲ ಹೇಗಿದೆ ಎಂಬುದನ್ನು ನೋಡಿಟ್ಟುಕೊಂಡರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಮಾಸ್ಟೈಟಿಸ್: ಕೆಚ್ಚಲು ಬಾವು

ರೋಗಾಣುಗಳು ಮೊಲೆತೊಟ್ಟಿನ ತೂತಿನ ಮೂಲಕ ಕೆಚ್ಚಲಿನ ಒಳಗೆ ಹೋಗಿ ಉಂಟುಮಾಡುವ ಬಾವಿಗೆ ಮಾಸ್ಟೈಟಿಸ್ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ.

ಕ್ಲಿನಿಕಲ್ ಎಂದರೆ ಕಣ್ಣಿಗೆ ಕಾಣುವ ಬಾವು. ಕೆಚ್ಚಲು ಕೆಂಪಗೆ, ಬಿಸಿಯಾಗಿ, ಗಟ್ಟಿಯಾಗಿರುತ್ತದೆ. ಹಾಲಿನಲ್ಲಿ ಗರಣೆ, ನೀರು, ಕೆಲವೊಮ್ಮೆ ರಕ್ತ ಬರುತ್ತದೆ. ಹಸು ಕೈ ಹಾಕಲು ಬಿಡುವುದಿಲ್ಲ.

ಸಬ್‌ಕ್ಲಿನಿಕಲ್ ಎಂದರೆ ಒಳಗೇ ಇರುವ, ಕಣ್ಣಿಗೆ ಕಾಣದ ಬಾವು. ಕೆಚ್ಚಲು ಚೆನ್ನಾಗಿಯೇ ಕಾಣುತ್ತದೆ, ಹಾಲೂ ಬೆಳ್ಳಗೇ ಇರುತ್ತದೆ. ಆದರೆ ಹಾಲಿನ ಅಳತೆ ದಿನದಿನಕ್ಕೆ ಇಳಿಯುತ್ತದೆ, ಡೇರಿಯಲ್ಲಿ ಎಸ್‌ಎನ್‌ಎಫ್ 8.5 ಮುಟ್ಟುವುದಿಲ್ಲ. "ಮೇವು ಅಷ್ಟೇ ಹಾಕ್ತಿದೀನಿ, ಹಾಲು ಯಾಕೋ ಕಡಿಮೆ" ಎಂದು ನಾವು ಹಿಂಡಿಯನ್ನೋ ದೃಷ್ಟಿಯನ್ನೋ ದೂರುತ್ತೇವೆ. ಹೆಚ್ಚು ಹಸುಗಳಿಗೆ ಬರುವುದೂ, ಹೆಚ್ಚು ನಷ್ಟ ಮಾಡುವುದೂ ಈ ಕಾಣದ ಬಾವೇ.

ಇದನ್ನು ಕಂಡುಹಿಡಿಯುವ ಪರೀಕ್ಷೆಯೇ ಸಿಎಂಟಿ. ನಾಲ್ಕು ಬಟ್ಟಲಿನ ಒಂದು ತಟ್ಟೆಯಲ್ಲಿ ನಾಲ್ಕು ತೊಟ್ಟಿನ ಹಾಲನ್ನು ಬೇರೆಬೇರೆಯಾಗಿ ಹಿಂಡಿ, ಅಷ್ಟೇ ಅಳತೆಯ ಔಷಧ ದ್ರಾವಣ ಹಾಕಿ ಅಲ್ಲಾಡಿಸುತ್ತಾರೆ. ಹಾಲು ಲೋಳೆಯಂತೆ ಗಟ್ಟಿಯಾದರೆ ಆ ತೊಟ್ಟಿನಲ್ಲಿ ಬಾವು ಇದೆ ಎಂದರ್ಥ. ರಿಪೋರ್ಟಿನಲ್ಲಿ ಬರುವ ಸೊಮ್ಯಾಟಿಕ್ ಸೆಲ್ ಎಂದರೆ ಮುಖ್ಯವಾಗಿ ರೋಗಾಣುಗಳ ಜೊತೆ ಹೋರಾಡಲು ಕೆಚ್ಚಲಿಗೆ ಬಂದ ದೇಹದ ಕಾವಲು ಕಣಗಳು. ಅವು ಹೆಚ್ಚಾಗಿದ್ದರೆ ಒಳಗೆ ಹೋರಾಟ ನಡೆದಿದೆ ಎಂದು ತಿಳಿಯಬೇಕು.

ನೀವು ಮಾಡಬೇಕಾದ್ದು: ಕರೆಯುವ ಮೊದಲು ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆಯ ಮೇಲೋ ಬಟ್ಟಲಿಗೋ ಹಿಂಡಿ ನೋಡಿ, ನೆಲಕ್ಕೆ ಹಿಂಡಬೇಡಿ. ಬಾವು ಇರುವ ಹಸುವನ್ನು ಕೊನೆಗೆ ಕರೆಯಿರಿ, ಏಕೆಂದರೆ ರೋಗ ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗುವುದು ಬಹುಪಾಲು ನಮ್ಮ ಕೈಯಿಂದಲೇ. ಕರೆದಾದ ಮೇಲೆ ತೊಟ್ಟುಗಳನ್ನು ಡಾಕ್ಟರು ಹೇಳಿದ ದ್ರಾವಣದಲ್ಲಿ ಅದ್ದಿ, ಹಸುವಿನ ಮುಂದೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ತೊಟ್ಟಿನ ತೂತು ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ಅಷ್ಟರಲ್ಲಿ ಸಗಣಿಯ ಮೇಲೆ ಮಲಗಿದರೆ ಬಾಗಿಲು ತೆಗೆದು ರೋಗವನ್ನು ಕರೆದಂತೆ.

ಆ್ಯಂಟಿಬಯಾಟಿಕ್ ಮತ್ತು ವಿತ್‌ಡ್ರಾಯಲ್ ಅವಧಿ

ಆ್ಯಂಟಿಬಯಾಟಿಕ್ ಎಂದರೆ ಬ್ಯಾಕ್ಟೀರಿಯಾ ಎಂಬ ರೋಗಾಣುವನ್ನು ಕೊಲ್ಲುವ ಔಷಧ. ಅದು ಹಸುವಿನ ರಕ್ತದಿಂದ ಹಾಲಿಗೂ ಇಳಿಯುತ್ತದೆ. ಹೀಗೆ ಹಾಲಿನಲ್ಲಿ ಉಳಿಯುವ ಔಷಧದ ಅಂಶಕ್ಕೆ ರೆಸಿಡ್ಯೂ ಎನ್ನುತ್ತಾರೆ. ಕೊನೆಯ ಇಂಜೆಕ್ಷನ್ ಕೊಟ್ಟ ಮೇಲೆ ಹಾಲು ಪುನಃ ಶುದ್ಧವಾಗಲು ಕಾಯಬೇಕಾದ ದಿನಗಳೇ ವಿತ್‌ಡ್ರಾಯಲ್ ಅವಧಿ. ಎಣಿಕೆ ಶುರುವಾಗುವುದು ಮೊದಲ ಇಂಜೆಕ್ಷನ್‌ನಿಂದ ಅಲ್ಲ, ಕೊನೆಯದರಿಂದ. ಎಷ್ಟು ದಿನ ಎಂಬುದು ಔಷಧದ ಲೇಬಲ್ ಮೇಲೆ ಇರುತ್ತದೆ. ಅಲ್ಲಿ ಬರೆದಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂಬುದು ನಮ್ಮ ದೇಶದ ಔಷಧ ನಿಯಮ.

ಈ ಹಾಲನ್ನು ಡೇರಿಗೂ ಹಾಕಬಾರದು, ಮನೆಯಲ್ಲೂ ಕುಡಿಯಬಾರದು. ಕಾಯಿಸಿದರೆ ಔಷಧದ ಅಂಶ ಪೂರ್ತಿ ಹೋಗುವುದಿಲ್ಲ. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟದೇ ಇರಬಹುದು. ಒಂದು ಮನೆಯ ಹಾಲು ಕ್ಯಾನಿಗೆ ಬಿದ್ದರೆ ಊರಿನ ಎಲ್ಲರ ಹಾಲಿನ ಜೊತೆ ಬಲ್ಕ್ ಮಿಲ್ಕ್ ಕೂಲರ್ ಸೇರುತ್ತದೆ. ನಾಲ್ಕು ದಿನದ ಹಾಲಿನ ದುಡ್ಡು ಮನೆಗೆ ದೊಡ್ಡದು, ನಿಜ. ಆದರೆ ಆ ಹಾಲು ಕುಡಿಯುವವರಲ್ಲಿ ಹಸುಗೂಸುಗಳೂ ಇರುತ್ತವೆ. ಡಾಕ್ಟರು ಚೀಟಿ ಕೊಡುವಾಗಲೇ "ಎಷ್ಟು ದಿನ ಹಾಲು ಹಾಕಬಾರದು ಸರ್?" ಎಂದು ಕೇಳಿ, ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಉಳಿದ ಔಷಧವನ್ನು ಇನ್ನೊಂದು ಹಸುವಿಗೆ ಅಂದಾಜಿನ ಮೇಲೆ ಕೊಡಬೇಡಿ.

ಕರು ಹಾಕಿದ ಮೇಲೆ ಕೇಳುವ ಮೂರು ಮಾತು

ಮಿಲ್ಕ್ ಫೀವರ್, ಅಂದರೆ ಹಾಲು ಜ್ವರ. ಹೆಸರಿನಲ್ಲಿ ಜ್ವರ ಇದ್ದರೂ ಇದರಲ್ಲಿ ಜ್ವರ ಇರುವುದಿಲ್ಲ. ಮೈ ತಣ್ಣಗಾಗುತ್ತದೆ. ಗಿಣ್ಣು ಹಾಲಿನ ಒಂದೊಂದು ಲೀಟರಿನಲ್ಲೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ದಿಢೀರನೆ ಇಳಿದಾಗ ಹಸುವಿನ ಸ್ನಾಯುಗಳು ಸೋಲುತ್ತವೆ. ಕರು ಹಾಕಿದ ಎರಡು ಮೂರು ದಿನದೊಳಗೆ ಹಸು ತೂರಾಡಿ ಮಲಗುತ್ತದೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಳ್ಳುತ್ತದೆ, ಕಿವಿ ತಣ್ಣಗಿರುತ್ತದೆ. ಹೆಚ್ಚು ಹಾಲು ಕೊಡುವ, ಮೂರನೇ ಕರುವಿನಿಂದ ಆಚೆಯ ಹಸುಗಳಿಗೆ ಇದು ಹೆಚ್ಚು. ಇದು ಗಂಟೆಗಳ ಲೆಕ್ಕದ ಕಾಯಿಲೆ, ಬೆಳಗಾಗಲಿ ಎಂದು ಕಾಯಬೇಡಿ. ಗೊಟ್ಟದಲ್ಲಿ ಏನನ್ನೂ ಕುಡಿಸಬೇಡಿ, ನುಂಗುವ ಶಕ್ತಿ ಇಲ್ಲದೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಡಾಕ್ಟರೇ ನಿಧಾನವಾಗಿ ಏರಿಸಬೇಕು. ವೇಗವಾಗಿ ಹೋದರೆ ಹೃದಯ ನಿಲ್ಲಬಹುದು.

ಕೀಟೋಸಿಸ್. ಹಾಲಿಗೆ ಹೋಗುವ ಶಕ್ತಿ ಹೆಚ್ಚಾಗಿ, ತಿನ್ನುವ ಮೇವಿನಿಂದ ಬರುವ ಶಕ್ತಿ ಸಾಲದೆ, ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಳ್ಳುವ ಸ್ಥಿತಿ ಇದು. ಕರು ಹಾಕಿದ ಮೊದಲ ಒಂದೂವರೆ ತಿಂಗಳಲ್ಲಿ ಬರುತ್ತದೆ. ಹಿಂಡಿ, ಪಶು ಆಹಾರ ಮುಟ್ಟದೆ ಬರೀ ಹುಲ್ಲು ತಿನ್ನುವುದು, ಬೇಗ ಸೊರಗುವುದು, ಉಸಿರಿನಲ್ಲಿ ನೇಲ್ ಪಾಲಿಶ್ ಅಳಿಸುವ ದ್ರವದಂಥ ವಾಸನೆ ಇದರ ಗುರುತು.

ರಿಟೈನ್ಡ್ ಪ್ಲಾಸೆಂಟಾ ಎಂದರೆ ಮಾಸು ಬೀಳದೆ ಒಳಗೇ ಉಳಿಯುವುದು. ಕರು ಹಾಕಿ 12 ಗಂಟೆಯಾದರೂ ಮಾಸು ಬೀಳದಿದ್ದರೆ ಡಾಕ್ಟರಿಗೆ ಹೇಳಿ. ಜೋತಾಡುವ ಮಾಸಿಗೆ ಚಪ್ಪಲಿ, ಕಲ್ಲು ಕಟ್ಟುವುದು ಬೇಡ, ಕೈ ಹಾಕಿ ಎಳೆಯುವುದೂ ಬೇಡ. ಗರ್ಭಕೋಶ ಹರಿಯಬಹುದು. ಬರಿಗೈಯಲ್ಲಿ ಮುಟ್ಟಬಾರದು ಎನ್ನುವುದಕ್ಕೆ ಇನ್ನೂ ಒಂದು ದೊಡ್ಡ ಕಾರಣವಿದೆ.

ಝೂನೋಸಿಸ್: ಹಸುವಿನಿಂದ ನಮಗೂ ಬರುವ ರೋಗ

ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಕ್ಕೆ ಝೂನೋಸಿಸ್, ಪ್ರಾಣಿಜನ್ಯ ರೋಗ ಎನ್ನುತ್ತಾರೆ. ಹೈನುಗಾರಿಕೆ ಮಾಡುವ ಹೆಣ್ಣುಮಕ್ಕಳು ಮುಖ್ಯವಾಗಿ ತಿಳಿದಿರಬೇಕಾದ್ದು ಬ್ರುಸೆಲ್ಲೋಸಿಸ್. ನಮ್ಮ ಮಾತಿನಲ್ಲಿ ಕಂದು ಹಾಕುವ ರೋಗ. ಐದು ತಿಂಗಳು ತುಂಬಿದ ಮೇಲೆ, ಹೆಚ್ಚಾಗಿ ಏಳು ಎಂಟನೇ ತಿಂಗಳಲ್ಲಿ ಹಸು ಕಂದು ಹಾಕುತ್ತದೆ, ಮಾಸು ಉಳಿದುಬಿಡುತ್ತದೆ. ಬಿದ್ದ ಕಂದು, ಮಾಸು, ಆ ನೀರು ಎಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಹಸಿ ಹಾಲಿನಲ್ಲೂ ಇರುತ್ತದೆ.

1887ರಲ್ಲಿ ಡೇವಿಡ್ ಬ್ರೂಸ್ ಎಂಬ ಡಾಕ್ಟರು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರಲ್ಲಿ ಈ ರೋಗಾಣುವನ್ನು ಕಂಡುಹಿಡಿದರು. ರೋಗಕ್ಕೆ ಅವರ ಹೆಸರೇ ಬಂದಿದೆ. ಅಲ್ಲಿ ಅದು ಮೇಕೆಯ ಹಸಿ ಹಾಲಿನಿಂದ ಬಂದಿತ್ತು ಎಂದು ಆಮೇಲೆ ತಿಳಿಯಿತು. ಇಂದು ನಮ್ಮ ಪಕ್ಕದ ಯಲಹಂಕದಲ್ಲೇ ಇರುವ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ಈ ರೋಗದ ಮೇಲೆ ಕೆಲಸ ಮಾಡುತ್ತಿದ್ದಾರೆ.

ಮನುಷ್ಯರಿಗೆ ಬಂದರೆ ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು, ತೀರದ ಸುಸ್ತು. ಗರ್ಭಿಣಿಯರಿಗೆ ಗರ್ಭ ಇಳಿಯುವ ಅಪಾಯವಿದೆ. ಈ ಲಕ್ಷಣಗಳು ಬೇರೆ ಜ್ವರಗಳಲ್ಲೂ ಇರುವುದರಿಂದ ಟೈಫಾಯಿಡ್ ಇರಬಹುದು, ಕೆಲಸ ಹೆಚ್ಚಾಗಿರಬಹುದು ಎಂದು ದಿನ ದೂಡುತ್ತೇವೆ. ಆಸ್ಪತ್ರೆಯ ಡಾಕ್ಟರಿಗೆ ನಾವು ಹಸು ಸಾಕುತ್ತೇವೆಂದು ಗೊತ್ತಿರುವುದಿಲ್ಲ. ಆದ್ದರಿಂದ ಬಿಡದ ಜ್ವರಕ್ಕೆ ಆಸ್ಪತ್ರೆಗೆ ಹೋದಾಗ ಈ ಮಾತು ತಪ್ಪದೆ ಹೇಳಿ: "ಮನೇಲಿ ಹಸು ಇದೆ, ಅದು ಕಂದು ಹಾಕಿತ್ತು, ಮಾಸು ನಾನೇ ತೆಗೆದೆ." ಆಗ ಅವರು ಸರಿಯಾದ ರಕ್ತ ಪರೀಕ್ಷೆ ಬರೆಯುತ್ತಾರೆ. ಇದಕ್ಕೆ ಔಷಧ ಇದೆ. ಸಾಮಾನ್ಯವಾಗಿ ಕನಿಷ್ಠ 6 ವಾರ ಬಿಡದೆ ತೆಗೆದುಕೊಳ್ಳಬೇಕು. ಹುಷಾರಾಯಿತೆಂದು ನಡುವೆ ನಿಲ್ಲಿಸಿದರೆ ಮರುಕಳಿಸುತ್ತದೆ.

ತಡೆಯುವುದು ಹೇಗೆ? ಹೆರಿಗೆ ಮಾಡಿಸುವಾಗ, ಮಾಸು ಎತ್ತುವಾಗ ಗ್ಲೌಸ್ ಹಾಕಿ. ಗ್ಲೌಸ್ ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಕವರನ್ನು ಮೊಣಕೈವರೆಗೆ ಕಟ್ಟಿಕೊಳ್ಳಿ. ಗರ್ಭಿಣಿಯರು, ಕೈಯಲ್ಲಿ ಗಾಯ ಇರುವವರು ಈ ಕೆಲಸಕ್ಕೆ ಹೋಗುವುದು ಬೇಡ, ಮನೆಯ ಬೇರೆಯವರು ಮಾಡಲಿ. ಬಿದ್ದ ಕಂದು, ಮಾಸನ್ನು ನಾಯಿಗೆ ಹಾಕದೆ, ತಿಪ್ಪೆಗೆ ಎಸೆಯದೆ ಆಳವಾಗಿ ಹೂತು ಸುಣ್ಣ ಹಾಕಿ. ಹಾಲು ಕಾಯಿಸಿಯೇ ಕುಡಿಯಿರಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಹಾಕುವ ಲಸಿಕೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಇದಕ್ಕೂ ಲಸಿಕೆ ಹಾಕುತ್ತಾರೆ. ಕರುವಿನ ವಯಸ್ಸು ದಾಟುವ ಮೊದಲೇ ಕೇಳಿ ಹಾಕಿಸಿ.

ಕ್ವಾರಂಟೈನ್: ಬೇರೆ ಕಟ್ಟುವುದು

ಕೊರೊನಾ ಕಾಲದಲ್ಲಿ ಕೇಳಿದ ಮಾತು ಹಸುವಿಗೂ ಅನ್ವಯಿಸುತ್ತದೆ. ಘಾಟಿ ದನಗಳ ಜಾತ್ರೆಯಿಂದಾಗಲಿ, ಸಂತೆಯಿಂದಾಗಲಿ ತಂದ ಹಸುವನ್ನು ಕನಿಷ್ಠ ಮೂರು ವಾರ ಬೇರೆ ಕಟ್ಟಿ, ಬೇರೆ ಬಕೆಟ್ಟಿನಲ್ಲಿ ನೀರಿಡಿ. ಒಳಗೆ ರೋಗವಿದ್ದರೆ ಬಹಳಷ್ಟು ರೋಗಗಳು ಅಷ್ಟರಲ್ಲಿ ಹೊರಗೆ ಕಾಣುತ್ತವೆ. ಬ್ರುಸೆಲ್ಲೋಸಿಸ್ ಮಾತ್ರ ಹಾಗೆ ಕಾಣುವುದಿಲ್ಲ, ಅದಕ್ಕೆ ರಕ್ತ ಪರೀಕ್ಷೆಯೇ ಬೇಕು. 2022ರಲ್ಲಿ ರಾಜ್ಯದಲ್ಲಿ ಹರಡಿದ ಚರ್ಮಗಂಟು ರೋಗ ಸೊಳ್ಳೆ, ನೊಣ, ಉಣ್ಣೆಗಳಿಂದ ಹಸುವಿನಿಂದ ಹಸುವಿಗೆ ಹೋಗುವಂಥದ್ದು. ಅದು ಮನುಷ್ಯರಿಗೆ ಬರುವುದಿಲ್ಲ.

ಚೀಟಿಯ ಚಿಕ್ಕ ಅಕ್ಷರಗಳು

ಐ.ವಿ.: ರಕ್ತನಾಳಕ್ಕೆ ಕೊಡುವುದು.
ಐ.ಎಂ.: ಮಾಂಸಖಂಡಕ್ಕೆ ಚುಚ್ಚುವುದು.
ಎಸ್.ಸಿ.: ಚರ್ಮದ ಕೆಳಗೆ ಕೊಡುವುದು.
ಬಿ.ಡಿ.: ದಿನಕ್ಕೆ ಎರಡು ಸಲ.
ಎ.ಐ.: ಕೃತಕ ಗರ್ಭಧಾರಣೆ. ದಿನಾಂಕ ಬರೆದಿಡಿ.
ಪಿ.ಡಿ.: ಗಬ್ಬ ನಿಂತಿದೆಯೇ ಎಂಬ ಪರೀಕ್ಷೆ. ಎ.ಐ. ಆಗಿ ಎರಡೂವರೆ, ಮೂರು ತಿಂಗಳಿಗೆ ಮಾಡಿಸಿ.
ಎಫ್.ಎಂ.ಡಿ.: ಕಾಲುಬಾಯಿ ಜ್ವರ. ಲಸಿಕೆ ಆರು ತಿಂಗಳಿಗೊಮ್ಮೆ.

ಡಾಕ್ಟರು ಹೊರಡುವ ಮೊದಲು ಕೇಳಿ

1. ಈ ಕಾಯಿಲೆಗೆ ನಮ್ಮ ಮಾತಿನಲ್ಲಿ ಏನಂತಾರೆ?
2. ಹಾಲು ಎಷ್ಟು ದಿನ ಹಾಕಬಾರದು?
3. ಬೇರೆ ಹಸುಗಳಿಗೆ ಹರಡುತ್ತದೆಯೇ?
4. ನಮಗೆ, ಮಕ್ಕಳಿಗೆ ಬರುತ್ತದೆಯೇ?
5. ಏನು ಕಂಡರೆ ತಕ್ಷಣ ಫೋನ್ ಮಾಡಬೇಕು?

ಕೇಳಲು ಸಂಕೋಚ ಬೇಡ. ತುರ್ತು ಇದ್ದಾಗ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಸಿಗುತ್ತದೆ. ಹಸುವಿನ ಕಿವಿಯೋಲೆಯ 12 ಅಂಕಿ ಕೈಯಲ್ಲಿರಲಿ. ಮುಂದಿನ ಸಂಘದ ಸಭೆಯಲ್ಲಿ ಈ ಪುಟವನ್ನು ಒಬ್ಬರು ಓದಿ, ಉಳಿದವರು ಕೇಳಿ. ಸಿಎಂಟಿ ಪರೀಕ್ಷೆ ಮತ್ತು ಹೆಣ್ಣು ಕರುಗಳ ಲಸಿಕೆಗೆ ಊರಿಗೆ ಒಂದು ದಿನ ಗೊತ್ತುಮಾಡಿಕೊಡುವಂತೆ ಕಾರ್ಯದರ್ಶಿಯವರನ್ನು ಕೇಳಿ.