ಉಡುಗೆಯ ಮರ್ಯಾದೆ, ನಡೆಯ ಮರ್ಯಾದೆ

ಉತ್ಸವಕಾಲವು ಸಮೀಪಿಸಿದಂತೆಲ್ಲ ಗುಡಿಗೆ ಯಾವ ಉಡುಪಿನಲ್ಲಿ ಹೋಗಬೇಕೆಂಬ ಪ್ರಶ್ನೆ ಮನೆಮನೆಗಳಲ್ಲಿ ಏಳುತ್ತದೆ. ಹಿರಿಯರು ಒಂದು ಹೇಳುತ್ತಾರೆ, ಮಕ್ಕಳು ಇನ್ನೊಂದು ಕೇಳುತ್ತಾರೆ. ಮಾತು ಬೆಳೆದು ಮನಸ್ಸು ಕೆಡುತ್ತದೆ. ಆದುದರಿಂದ ಈ ವಿಷಯವನ್ನು ಸಮಾಧಾನದಿಂದ ವಿಚಾರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಇಲ್ಲಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಒಂದನೆಯದು ಮಡಿ. ಇದು ಪೂಜೆ ಮತ್ತು ನೈವೇದ್ಯದ ಅಡಿಗೆಗಳಲ್ಲಿ ತೊಡಗುವವರಿಗೆ ವಿಹಿತವಾದ ನಿಯಮ. ಸ್ನಾನ, ಶುದ್ಧವಾದ ಹೊಲಿಯದ ವಸ್ತ್ರ, ಕಚ್ಚೆ, ಉತ್ತರೀಯ ಇವು ಅದರ ಅಂಗಗಳು. ಶ್ರೀಮದಾಚಾರ್ಯರು ನಿತ್ಯದ ಆಚರಣೆಗಾಗಿ ಸದಾಚಾರಸ್ಮೃತಿಯೆಂಬ ಗ್ರಂಥವನ್ನೇ ಅನುಗ್ರಹಿಸಿದ್ದಾರೆ. ಇದು ಪೇಟೆಯ ಅಭಿರುಚಿಯನ್ನು ಅನುಸರಿಸಿ ಬದಲಾಗತಕ್ಕದ್ದಲ್ಲ. ಎರಡನೆಯದು ದರ್ಶನಕ್ಕೆ ಬರುವವರ ಉಡುಪು. ಮೂರನೆಯದು ಬಸ್ಸು, ಪೇಟೆ, ಕಚೇರಿಗಳಲ್ಲಿ ತೊಡುವ ಉಡುಪು. ಈ ಮೂರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದರಿಂದಲೇ ಬಹಳಷ್ಟು ಕಲಹಗಳು ಹುಟ್ಟುತ್ತವೆ.

ಕಡೆಯ ಎರಡು ಬದಲಾಗುತ್ತಲೇ ಬಂದಿವೆ. ನಮ್ಮ ವಿಜಯಪುರ ಸೀಮೆಯ ಹಳೆಯ ಭಾವಚಿತ್ರಗಳಲ್ಲಿ ಕಚ್ಚೆ ಧೋತರದ ಮೇಲೆ ಕೋಟು ತೊಟ್ಟ ಹಿರಿಯರನ್ನು ಕಾಣುತ್ತೇವೆ. ಆ ಕೋಟು ಪರದೇಶದಿಂದ ಬಂದದ್ದೇ ಅಲ್ಲವೆ? ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ನಿತ್ಯದ ಉಡುಗೆಗಳಾಗಿದ್ದ ಮನೆಗಳಲ್ಲಿ ಅವು ಈಗ ಹಬ್ಬದ ಉಡುಗೆಗಳಾಗಿವೆ. ಒಮ್ಮೆ ಹಿರಿಯರು ಹುಬ್ಬುಗಂಟಿಕ್ಕುತ್ತಿದ್ದ ಚೂಡಿದಾರವನ್ನು ಇಂದು ಎಷ್ಟೋ ದೇವಾಲಯಗಳು ಸಭ್ಯವಾದ ಉಡುಪೆಂದು ಅಂಗೀಕರಿಸಿವೆ. ವಸ್ತ್ರದ ರೂಪ ಬದಲಾದರೂ, ದೇವರ ಮುಂದೆ ಅಂಗವನ್ನು ಮುಚ್ಚಿ ವಿನಯದಿಂದ ನಿಲ್ಲಬೇಕೆಂಬ ಭಾವವು ಬದಲಾಗಬೇಕಾಗಿಲ್ಲ.

ಸಾರ್ವಜನಿಕ ಸ್ಥಳಗಳಲ್ಲಾದರೋ ಈಗ ವಿಪರೀತವೇ ನಡೆದಿದೆ. ೨೦೨೪ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ, ಬಟ್ಟೆ ಕೊಳೆಯಾಗಿದೆಯೆಂದು ಒಬ್ಬ ರೈತರನ್ನು ಒಳಗೆ ಬಿಡದೆ ತಡೆದರು. ಅದೇ ವರ್ಷದ ಜುಲೈನಲ್ಲಿ, ಮಗನೊಂದಿಗೆ ಚಲನಚಿತ್ರ ನೋಡಲು ಮಾಗಡಿ ರಸ್ತೆಯ ಮಾಲೊಂದಕ್ಕೆ ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರನ್ನು, ಪಂಚೆಯುಟ್ಟ ಕಾರಣಕ್ಕೆ ಬಾಗಿಲಲ್ಲೇ ನಿಲ್ಲಿಸಿದರು. ಸರಕಾರವು ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿತು. ತಮಿಳುನಾಡಿನಲ್ಲಿ ಇಂಥದೇ ಪ್ರಸಂಗದಿಂದ ೨೦೧೪ರಲ್ಲಿ, ಪಂಚೆ ಉಟ್ಟವರನ್ನು ಸಾರ್ವಜನಿಕ ಸ್ಥಳಗಳಲ್ಲಿ ತಡೆಯಬಾರದೆಂದು ಕಾಯಿದೆಯನ್ನೇ ಮಾಡಬೇಕಾಯಿತು.

ಈ ವಾರ್ತೆಗಳನ್ನು ಓದಿ ನಾವೂ ಕೋಪಗೊಂಡೆವು. ಆದರೆ ಕೂಡಲೇ ನಮ್ಮದೇ ಒಂದು ತಪ್ಪು ನೆನಪಾಯಿತು. ಪಾಠಶಾಲೆಯ ಅಧ್ಯಯನ ಮುಗಿಸಿ ಬಿ.ಎ. ಓದುತ್ತಿದ್ದ ದಿನಗಳು. ತಂದೆಯವರು ಅರ್ಚಕರಾಗಿದ್ದ ಗುಡಿಯಲ್ಲಿ ಉತ್ಸವದ ದಿನ ಬಾಗಿಲಲ್ಲಿ ನಿಂತಿದ್ದೆವು. ಹೊರ್ತಿಯ ಕಡೆಯ ಲಿಂಬೆಯ ತೋಟದಲ್ಲಿ ದುಡಿಯುವವರೊಬ್ಬರು ಮುಳ್ಳಿಗೆ ಹರಿದ ಅಂಗಿಯಲ್ಲೇ ಬಂದರು. ಕೈಯಲ್ಲಿ ನಾಲ್ಕು ಹಣ್ಣುಗಳಿದ್ದವು. ಬಟ್ಟೆ ಬದಲಿಸಿ ಬನ್ನಿರೆಂದು ನಾವು ಹೇಳಿದೆವು. ಅವರು ಏನೂ ಹೇಳದೆ ಹಣ್ಣುಗಳನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದರು. ರಾತ್ರಿ ತಂದೆಯವರು ಕೇಳಿದ್ದು ಒಂದೇ ಮಾತು: “ಅವರ ಹತ್ತಿರ ಬೇರೆ ಅಂಗಿ ಇದೆಯೋ ಇಲ್ಲವೋ, ನೀನು ವಿಚಾರಿಸಿದೆಯಾ?” ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಭಾಗವತದ ದಶಮಸ್ಕಂಧದ ಕುಚೇಲೋಪಾಖ್ಯಾನವನ್ನು ನಾವು ಎಷ್ಟು ಸಲ ಕೇಳಿಲ್ಲ! ಕುಚೇಲನೆಂದರೆ ಜೀರ್ಣವಾದ ವಸ್ತ್ರ ಧರಿಸಿದವನೆಂದೇ ಅರ್ಥ. ದ್ವಾರಕೆಯಲ್ಲಿ ಆತನನ್ನು ಯಾರೂ ಬಾಗಿಲಲ್ಲಿ ತಡೆಯಲಿಲ್ಲ. ರುಕ್ಮಿಣೀದೇವಿಯರ ಮಂಚದ ಮೇಲಿದ್ದ ಸ್ವಾಮಿಯು ತಾನೇ ಎದ್ದು ಬಂದು ಆಲಿಂಗಿಸಿ, ಆತನ ಪಾದಗಳನ್ನು ತೊಳೆದನು. ಪ್ರವಚನದಲ್ಲಿ ಈ ಕಥೆಗೆ ಕಣ್ಣೀರು ತರುವ ನಾವು, ಬಾಗಿಲಲ್ಲಿ ನಿಂತಾಗ ಅದನ್ನು ಮರೆಯುವುದು ಎಂಥ ವಿಪರ್ಯಾಸ!

ಹಾಗಾದರೆ ನಿಯಮವೇ ಬೇಡವೆ? ಬೇಕು. ಆದರೆ ಅಸಡ್ಡೆ ಬೇರೆ, ಬಡತನ ಬೇರೆ; ಇವೆರಡನ್ನು ವಿವೇಚಿಸದ ನಿಯಮವು ಅಹಂಕಾರವಾಗುತ್ತದೆ. ೨೦೨೪ರ ಜನವರಿಯಲ್ಲಿ ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ, ಉಚಿತವಲ್ಲದ ಉಡುಪಿನಲ್ಲಿ ಬಂದವರಿಗೆ ಪಂಚೆ, ಶಲ್ಯಗಳನ್ನು ಕೊಡುವ ಕ್ರಮ ಬಂದಿತು. ತಡೆಯುವುದಕ್ಕಿಂತ ಹೊದಿಸುವುದು ಮೇಲೆಂದು ಅದರಿಂದ ಕಲಿಯಬಹುದು. ನಮ್ಮ ಗುಡಿಗಳಲ್ಲಿಯೂ ಒಗೆದ ಕೆಲವು ಧೋತರ, ಶಲ್ಯಗಳು ಬಾಗಿಲ ಬಳಿ ಇರಲಿ. ಮಕ್ಕಳಿಗೆ ಹೇಳುವುದನ್ನು ಮನೆಯಲ್ಲೇ, ಹೊರಡುವ ಮೊದಲೇ ಹೇಳೋಣ. ನಾಲ್ಕು ಜನರ ಮುಂದೆ ಅಲ್ಲ. ಪಟ್ಟೆಯುಟ್ಟು ಸರದಿಯಲ್ಲಿ ಇತರರನ್ನು ನೂಕುವುದು, ಮಂಗಳಾರತಿಯ ಸಮಯದಲ್ಲಿ ಮೊಬೈಲಿನಲ್ಲಿ ಮಾತಾಡುವುದು, ಪಂಕ್ತಿಯಲ್ಲಿ ಅನ್ನ ಚೆಲ್ಲುವುದು ಇವೂ ಅಸಭ್ಯತೆಯೇ ಎಂಬುದನ್ನು ಹಿರಿಯರೂ ನೆನೆಯಬೇಕು.

ಆ ನಾಲ್ಕು ಲಿಂಬೆಯ ಹಣ್ಣುಗಳನ್ನು ತಂದೆಯವರು ಮರುದಿನದ ಪಾನಕಕ್ಕೆ ಹಿಂಡಿ ದೇವರಿಗೆ ಸಮರ್ಪಿಸಿದರು. ತಂದವರಿಗೆ ಮಾತ್ರ ಆ ಪ್ರಸಾದ ಮುಟ್ಟಲಿಲ್ಲ. ಹಾಗೆ ಇನ್ನೊಬ್ಬರಿಗೆ ಆಗದಿರಲಿ.

ಶ್ರೀಕೃಷ್ಣಾರ್ಪಣಮಸ್ತು.